‘ಗುಡೇ ಮೇಟ್’ ಕಲಿಯುವುದಕ್ಕೂ ಒಂದು ಟ್ಯೂಷನ್

“ಈ ಆರ್ವೋ ಒಂದೊಂದು ಕಪ್ ಟೀ ಕುಡಿಯೋಣ್ವಾ, ಮೇಟ್?”

ಹೀಗೆ ಕೇಳಿದವಳು ನನ್ನ ಚಿಕ್ಕಮ್ಮನ ಮಗಳು ವಿದ್ಯಾ. ಕೇಳಿಸಿಕೊಂಡವಳು ನಾನು. ಜಾಗ, ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿರುವ ನಮ್ಮ ಮನೆಯ ಅಡುಗೆಮನೆ. ಕಾಲ, ಮಾರ್ಚ್ ತಿಂಗಳ ಒಂದು ಶನಿವಾರ. ನನ್ನ ಕೈಯಲ್ಲಿ ಒಗ್ಗರಣೆ ಸೌಟು ಇತ್ತು. ಅದು ಬಿಸಿಯಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಮಾತು ಬಂದಾಗಿನಿಂದ ಈ ಹುಡುಗಿ ನನ್ನನ್ನು ಅಕ್ಕ ಎಂದೇ ಕರೆದವಳು. ಜಗಳವಾಡುವಾಗಲೂ “ನಿಂಗೆ ತಲೆ ಕೆಟ್ಟಿದೆ ಕಣಕ್ಕ” ಎಂದು ಕೊನೆಗೊಂದು ಅಕ್ಕ ಸೇರಿಸಿಯೇ ಬೈದವಳು. ಅಂಥವಳು ಇದ್ದಕ್ಕಿದ್ದಂತೆ ಮೇಟ್ ಎಂದರೆ?

“ಏನಂದೆ ಈಗ?”

“ಪ್ರಾಕ್ಟೀಸ್ ಅಕ್ಕ. ಆರ್ವೋ ಅಂದ್ರೆ ಆಫ್ಟರ್‌ನೂನ್. ಆಸ್ಟ್ರೇಲಿಯಾದಲ್ಲಿ ಹಂಗೇ ಅನ್ನೋದಂತೆ.”

“ಟೀ ಬೇಕಿದ್ರೆ ಕನ್ನಡದಲ್ಲಿ ಕೇಳು. ಇಲ್ಲಾಂದ್ರೆ ನಲ್ಲಿ ಅಲ್ಲೈತೆ, ನೀರು ಕುಡಿ.”

ಅವಳು ನಗಲಿಲ್ಲ. ಅಲ್ಲಿಗೆ ವಿಷಯ ಗಂಭೀರವಾಗಿದೆ ಎಂದು ನನಗೆ ಅರ್ಥವಾಯಿತು.

ವಿದ್ಯಾ ಹಾಸನದಲ್ಲಿ ಓದಿದ ಡಾಕ್ಟರ್. ಐರ್ಲೆಂಡಿಗೆ ಬಂದು ಆರು ವರ್ಷವಾಯಿತು. ಇಲ್ಲಿ ಹೊರಗಿನಿಂದ ಬಂದ ಡಾಕ್ಟರುಗಳ ಪಾಡು ನಿಮಗೆ ಗೊತ್ತಿರಬಹುದು. ಕಾಂಟ್ರ್ಯಾಕ್ಟ್ ಮುಗಿಯುವುದು, ಇನ್ನೊಂದು ಹುಡುಕುವುದು, ಸಿಕ್ಕಿದ ಊರಿಗೆ ಗಂಟುಮೂಟೆ ಕಟ್ಟುವುದು. ಹಾಗೆ ಸುತ್ತಿ ಸುತ್ತಿ ಈಗ ಡೊನೆಗಾಲ್ ಜಿಲ್ಲೆಯ ಲೆಟರ್‌ಕೆನ್ನಿಯ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಗಂಡ ಗಿರೀಶ ಮನೆಯಿಂದಲೇ ಕಂಪ್ಯೂಟರ್ ಕುಟ್ಟುವವನು, ಎಲ್ಲಿದ್ದರೂ ನಡೆಯುತ್ತದೆ. ನಡೆಯದಿರುವುದು ಮಗಳು ಇಂಚರಾಗೆ. ಒಂಬತ್ತು ವರ್ಷದ ಮಗು, ಆಗಲೇ ಮೂರನೇ ಸ್ಕೂಲು. ಈ ಜುಲೈಗೆ ಕಾಂಟ್ರ್ಯಾಕ್ಟ್ ಮತ್ತೆ ಮುಗಿಯುತ್ತದೆ.

ಕ್ಲಾಸಿನಲ್ಲಿ ಯಾರೋ ಬರ್ತ್‌ಡೇ ಪಾರ್ಟಿಗೆ ಕರೆದರೆ ಇಂಚರಾ ಹೋಗಲಿಲ್ಲವಂತೆ. ಯಾಕೆ ಎಂದು ಇವಳು ಕೇಳಿದ್ದಾಳೆ. “ವಾಟ್ಸ್ ದ ಪಾಯಿಂಟ್, ಮಾಮ್? ಜುಲೈಗೆ ನಾವು ಹೊರಟುಬಿಡ್ತೀವಲ್ಲ” ಎಂದು ಅಪ್ಪಟ ಐರಿಶ್ ಇಂಗ್ಲಿಷಿನಲ್ಲಿ ಹೇಳಿ, ಟಿವಿ ಕಡೆ ತಿರುಗಿತಂತೆ ಮಗು.

ಮಗು ಗೆಳೆಯರನ್ನು ಮಾಡಿಕೊಳ್ಳುವುದನ್ನೇ ಬಿಟ್ಟಿದೆ. ಅದಕ್ಕೇ ಇವಳು ಆಸ್ಟ್ರೇಲಿಯಾದ ಒಂದು ಒಳನಾಡಿನ ಆಸ್ಪತ್ರೆಗೆ ಅರ್ಜಿ ಹಾಕಿದ್ದು. ಕಾಯಂ ಕೆಲಸ. ಒಂದೇ ಊರು, ಒಂದೇ ಸ್ಕೂಲು. ಸೋಮವಾರ ಬೆಳಿಗ್ಗೆ ಏಳಕ್ಕೆ ವಿಡಿಯೋ ಇಂಟರ್‌ವ್ಯೂ. ಲೆಟರ್‌ಕೆನ್ನಿಯ ಬಾಡಿಗೆ ಮನೆಯಲ್ಲಿ ಇಂಟರ್ನೆಟ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ, ಹಾಗಾಗಿ ನಮ್ಮ ಮನೆಗೆ ಬಂದಿದ್ದಳು.

ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಗೆ ಹತ್ತಿರದ ಕ್ಲಾಂಡಾಲ್ಕಿನ್‌ನಲ್ಲಿ ಸತೀಶ್ ಸರ್ ಎಂಬುವರು ವೀಕೆಂಡ್ ಕ್ಲಾಸ್ ನಡೆಸುತ್ತಾರೆ. ಆಸ್ಟ್ರೇಲಿಯಾದ ಆಡುಮಾತು ಕಲಿಸುವ ಕ್ಲಾಸು.

ಹೌದು, ನೀವು ಸರಿಯಾಗಿಯೇ ಓದಿದಿರಿ. ಐರ್ಲೆಂಡಿನಲ್ಲಿ, ಕನ್ನಡಿಗರಿಗೆ, ಕನ್ನಡಿಗರೊಬ್ಬರಿಂದ, ಆಸ್ಟ್ರೇಲಿಯಾದ ಸ್ಲ್ಯಾಂಗ್ ಟ್ಯೂಷನ್!

ಇದರಲ್ಲಿ ಆಶ್ಚರ್ಯ ಪಡುವುದೇನಿದೆ ಹೇಳಿ. ಟ್ಯೂಷನ್ ಇಲ್ಲದೆ ನಾವು ಏನನ್ನು ಕಲಿತಿದ್ದೇವೆ? ಒಂದನೇ ಕ್ಲಾಸಿನ ಮಗುವಿಗೆ ಟ್ಯೂಷನ್, ಸಿಇಟಿಗೆ ಟ್ಯೂಷನ್, ಟ್ಯೂಷನ್ ಸೀಟು ಗಿಟ್ಟಿಸುವುದಕ್ಕೂ ಒಂದು ಟ್ಯೂಷನ್. ಮದುವೆಗೆ ಮುಂಚೆ ಸಂಸಾರ ಮಾಡುವುದು ಹೇಗೆ ಎಂದು ಕ್ರ್ಯಾಶ್ ಕೋರ್ಸ್ ಶುರುವಾಗದೇ ಇರುವುದು ನಮ್ಮ ಪುಣ್ಯ. (ಶುರುವಾಗಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ.)

ಇನ್ನು ಆಸ್ಟ್ರೇಲಿಯಾದ ಹುಚ್ಚು. ಇಲ್ಲಿನ ಐರಿಶ್ ಡಾಕ್ಟರುಗಳು ಓದು ಮುಗಿಸಿದವರೇ ಬಿಸಿಲು ಹುಡುಕಿಕೊಂಡು ಆಸ್ಟ್ರೇಲಿಯಾದ ವಿಮಾನ ಹತ್ತುತ್ತಾರೆ. ಅವರು ಬಿಟ್ಟ ಕುರ್ಚಿಯಲ್ಲಿ ನಮ್ಮ ದಾವಣಗೆರೆ, ಹುಬ್ಬಳ್ಳಿ, ಹಾಸನದ ಮಕ್ಕಳು ಬಂದು ಕೂರುತ್ತಾರೆ. ಕೂತು ಬಿಸಿ ಮಾಡುವಷ್ಟರಲ್ಲಿ ನಮ್ಮವರಿಗೂ ಅದೇ ವಿಮಾನದ ಚಿಂತೆ. ಜಗತ್ತಿನ ಆಸ್ಪತ್ರೆಗಳೆಲ್ಲ ಸೇರಿ ಸಂಗೀತ ಕುರ್ಚಿ ಆಡುತ್ತಿವೆ. ನಿಂತುಕೊಂಡೇ ಇರುವವನು ರೋಗಿ ಒಬ್ಬನೇ.

ಆ ಮಧ್ಯಾಹ್ನ ನಾನೇ ವಿದ್ಯಾಳನ್ನು ಕ್ಲಾಂಡಾಲ್ಕಿನ್‌ಗೆ ಕರೆದುಕೊಂಡು ಹೋದೆ. ಇಂಡಸ್ಟ್ರಿಯಲ್ ಎಸ್ಟೇಟಿನೊಳಗೆ ಟೈಲ್ಸ್ ಗೋಡೌನಿನ ಪಕ್ಕ ಒಂದು ಹಾಲ್. ವಾರದ ದಿನಗಳಲ್ಲಿ ಅಲ್ಲಿ ಮಕ್ಕಳಿಗೆ ಅಬ್ಯಾಕಸ್ ಹೇಳಿಕೊಡುತ್ತಾರೆ. ಹಾಗಾಗಿ ಕುರ್ಚಿಗಳೆಲ್ಲ ಪುಟ್ಟಪುಟ್ಟವು. ಎಂಡಿ ಮಾಡಿದವರು, ಎಂಟೆಕ್ ಮಾಡಿದವರು ಮೊಣಕಾಲು ಗಲ್ಲಕ್ಕೆ ಕೊಟ್ಟುಕೊಂಡು ಕೂತಿದ್ದರು. ಹೊರಗೆ ಮಳೆ, ಕಾದು ಕೂರಲು ಬೇರೆ ಜಾಗವಿಲ್ಲ. ನಾನೂ ಹಿಂದಿನ ಸಾಲಿನಲ್ಲಿ ಕೂತೆ.

ಸತೀಶ್ ಸರ್ ಬಂದರು. ಕುತ್ತಿಗೆಯಲ್ಲಿ ಮೈಕು, ತಲೆಯ ಮೇಲೆ ಅಗಲ ಅಂಚಿನ ಚರ್ಮದ ಹ್ಯಾಟು. ಮಾರ್ಚ್ ತಿಂಗಳ ಮಳೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಹ್ಯಾಟು!

ಇವರು ಆಸ್ಟ್ರೇಲಿಯಾದಲ್ಲಿ ಎಷ್ಟು ವರ್ಷ ಇದ್ದರು ಎಂದು ಪಕ್ಕದವರನ್ನು ಕೇಳಿದೆ. ಭಾವಮೈದುನ ಮೆಲ್ಬರ್ನ್‌ನಲ್ಲಿದ್ದಾನಂತೆ, ಅವನ ಮನೆಯ ಗೃಹಪ್ರವೇಶಕ್ಕೆ ಹೋಗಿ ಮೂರು ವಾರ ಇದ್ದು ಬಂದರಂತೆ. ಅಷ್ಟೇ. ಮೂರು ವಾರದಲ್ಲಿ ನನಗೆ ಹೊಸ ವಾಷಿಂಗ್ ಮೆಷಿನ್ನಿನ ಬಟನ್ನೂ ಅರ್ಥವಾಗುವುದಿಲ್ಲ.

“ಮೊದಲನೇ ರೂಲು,” ಎಂದರು ಸರ್. “ಅಲ್ಲಿ ಯಾರನ್ನೂ ಸರ್ ಅನ್ನಬಾರದು. ದೊಡ್ಡೋರು, ಚಿಕ್ಕೋರು, ಬಾಸು, ಡ್ರೈವರು, ಎಲ್ಲರೂ ಮೇಟ್. ಅರ್ಥ ಆಯ್ತಾ?”

“ಆಯ್ತು ಸರ್,” ಎಂದಿತು ಇಡೀ ಕ್ಲಾಸು.

ಸರ್ ಅದನ್ನು ಸಂತೋಷವಾಗಿಯೇ ಸ್ವೀಕರಿಸಿದರು.

ಆಮೇಲೆ ಶುರುವಾಯಿತು ನೋಡಿ, ಮಗ್ಗಿ. ನೀವು ಪ್ರೈಮರಿ ಸ್ಕೂಲಿನಲ್ಲಿ ಎರಡೊಂದ್ಲ ಎರಡು ಎಂದು ರಾಗವಾಗಿ ಒಪ್ಪಿಸಿದ್ದಿರಲ್ಲ, ಅದೇ ರಾಗ. ಸರ್ ಒಂದು ಪದ ಎಸೆಯುವುದು, ಕ್ಲಾಸು ಅರ್ಥ ಹೇಳುವುದು. ಬ್ರೆಕ್ಕಿ? ಬ್ರೇಕ್‌ಫಾಸ್ಟ್! ಸರ್ವೋ? ಪೆಟ್ರೋಲ್ ಬಂಕ್! ಆಂಬೋ? ಆಂಬುಲೆನ್ಸ್ ಸಿಬ್ಬಂದಿ! ಟ್ರೇಡಿ? ಪ್ಲಂಬರ್, ಎಲೆಕ್ಟ್ರಿಷಿಯನ್! ಬಾರ್ಬಿ? ಮಕ್ಕಳ ಗೊಂಬೆ ಎಂದು ಯಾರೋ ಒಬ್ಬರು ಎಡವಿದರು. ತಪ್ಪು, ಅದು ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ಸುಡುವುದು. ಸ್ಮೋಕೋ? ಸಿಗರೇಟು ಸೇದದವರೂ ತೆಗೆದುಕೊಳ್ಳುವ ಟೀ ಬ್ರೇಕ್! ಡನ್ನಿ? ಕಕ್ಕಸು! ಹಾರ್ಡ್ ಯಾಕ್ಕ? ಮೈಮುರಿಯುವ ಕೆಲಸ! ಕ್ರುಕ್? ಹುಷಾರಿಲ್ಲ!

ಅವರ ಈ ಚಾಳಿ ನನಗೆ ಅರ್ಥವೇ ಆಗುವುದಿಲ್ಲ. ಯಾವ ಪದ ಸಿಕ್ಕರೂ ಅರ್ಧಕ್ಕೆ ಕತ್ತರಿಸುವುದು, ಬಾಲಕ್ಕೊಂದು ಓ ಅಥವಾ ಇ ಅಂಟಿಸುವುದು. ಅಷ್ಟು ದೊಡ್ಡ ಖಂಡ, ಮೈಲಿಗಟ್ಟಲೆ ಖಾಲಿ ಜಾಗ, ಪೂರ್ತಿ ಪದ ಇಟ್ಟುಕೊಳ್ಳುವುದಕ್ಕೆ ಜಾಗವಿಲ್ಲವೇ?

ಸುಮ್ಮನಿರಲಾಗಲಿಲ್ಲ. ಕೈ ಎತ್ತಿದೆ.

“ಸರ್, ಇಲ್ಲಿ ಡಾಕ್ಟರ್‌ಗಳಿದ್ದಾರೆ. ಪೇಷಂಟಿಗೆ ಎದೆನೋವು ಬಂದ್ರೆ ಅಲ್ಲಿ ಹೆಂಗೆ ಹೇಳ್ಕೊತಾರೆ? ಭಯ ಆದ್ರೆ ಏನಂತಾರೆ? ಹೇಳದೆ ಮುಚ್ಚಿಟ್ಟುಕೊಂಡ್ರೆ ಹೆಂಗೆ ಗೊತ್ತಾಗುತ್ತೆ?”

ಸರ್ ಹ್ಯಾಟನ್ನು ಸರಿಮಾಡಿಕೊಂಡರು. “ಮೇಡಂ, ಅದು ಅಡ್ವಾನ್ಸ್ಡ್ ಮಾಡ್ಯೂಲ್‌ನಲ್ಲಿ ಬರುತ್ತೆ.”

ಪೆಟ್ರೋಲ್ ಬಂಕು ಮತ್ತು ಕಕ್ಕಸು ಬೇಸಿಕ್. ಎದೆನೋವು ಅಡ್ವಾನ್ಸ್ಡ್. ಇದು ಪಠ್ಯಕ್ರಮ!

ಸಂಜೆ ಮನೆಗೆ ಬಂದ ಮೇಲೂ ವಿದ್ಯಾ ಉರು ಹೊಡೆಯುವುದನ್ನು ನಿಲ್ಲಿಸಲಿಲ್ಲ. ಎಂಬಿಬಿಎಸ್‌ನಲ್ಲಿ ನರಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳಲ್ಲ, ಅದೇ ಭಂಗಿ. ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ “ಗುಡೇ ಮೇಟ್, ಹೌ ಯಾ ಗೋಯಿಂಗ್, ನೋ ವರೀಸ್” ಎಂದು ಮಂತ್ರ. (ಗುಡೇ ಎಂದರೆ ಅವರ ನಮಸ್ಕಾರ, ನೋ ವರೀಸ್ ಎಂದರೆ ಪರವಾಗಿಲ್ಲ.) ನನ್ನ ಮಗಳು ಅದಿತಿ, ಹನ್ನೊಂದು ವರ್ಷದವಳು, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

“ಮಾಮ್, ಶೀ ಈಸ್ ಗ್ಯಾಸ್,” ಎಂದಳು. (ಇಲ್ಲಿ ನಗು ಬರಿಸುವವರನ್ನು ಗ್ಯಾಸ್ ಎನ್ನುತ್ತಾರೆ. ನಮಗೆ ಗ್ಯಾಸ್ ಎಂದರೆ ಒಂದೋ ಸಿಲಿಂಡರು, ಇಲ್ಲವೇ ಹೊಟ್ಟೆ.)

ಈ ಮಾತನ್ನು ಅದಿತಿಗೆ ಯಾರು ಕಲಿಸಿದರು? ಯಾರೂ ಇಲ್ಲ. ಸ್ಕೂಲಿನ ಅಂಗಳದಲ್ಲಿ ಬಿದ್ದು ಎದ್ದು ಬಂತು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎಂದು ನಮ್ಮ ಹಿರಿಯರು ಕೇಳಿದ್ದು ಸುಮ್ಮನೆಯೇ? ಊರಿಗೆ ಹೋಗು, ಕೊಡ ತೆಗೆದುಕೊಂಡು ನಲ್ಲಿಯ ಹತ್ತಿರ ನಿಲ್ಲು, ಮಾತು ತಾನಾಗಿ ಬರುತ್ತದೆ. ನಾವೋ, ಊರು ಸಿಗುವ ಮುಂಚೆಯೇ ಕೊಡ ಹೊರುವುದಕ್ಕೆ ಟ್ಯೂಷನ್ ಹೋಗುವವರು.

ಭಾನುವಾರ ಮತ್ತೆ ಕ್ಲಾಸಿತ್ತು. ಆವತ್ತಿನ ಪಾಠ ಪದಗಳಲ್ಲ, ಪೂರ್ತಿ ಮಾತುಗಳು. ನಾನು ಹೋಗಲಿಲ್ಲ. ವಿದ್ಯಾ ವಾಪಸ್ಸು ಬಂದು ನನಗೆ ಒಪ್ಪಿಸಿದಳು.

“ಅಕ್ಕ, ಯೇ-ನಾ ಅಂದ್ರೆ ಏನ್ ಗೊತ್ತಾ? ಮೊದಲು ಹೌದು ಅಂತಾರೆ, ತಕ್ಷಣ ಇಲ್ಲ ಅಂತಾರೆ. ಒಟ್ಟು ಅರ್ಥ ಇಲ್ಲ ಅಂತ. ಎಷ್ಟು ಕಷ್ಟ ಅಲ್ವಾ?”

“ಏನೇ ಕಷ್ಟ? ನಿಮ್ಮಪ್ಪನ ಹತ್ರ ಟೂರಿಗೆ ಕಳಿಸಿ ಅಂತ ಕೇಳಿದ್ರೆ ಏನಂತಿದ್ರು?”

ಸ್ವಲ್ಪ ಯೋಚಿಸಿದಳು. “ಹೂಂ, ನೋಡೋಣ ಅಂತಿದ್ರು.”

“ಹೋದ್ಯಾ ಟೂರಿಗೆ?”

“ಒಂದ್ಸಲಾನೂ ಇಲ್ಲ.”

ನೋಡಿ, ಇದು ಯೇ-ನಾ ಅಲ್ಲದೆ ಇನ್ನೇನು? ಹೂಂ ಎಂದು ಶುರುಮಾಡಿ ಇಲ್ಲ ಎಂದು ಮುಗಿಸುವ ವಿದ್ಯೆಯಲ್ಲಿ ಕನ್ನಡದ ಅಪ್ಪಂದಿರನ್ನು ಮೀರಿಸುವ ಆಸ್ಟ್ರೇಲಿಯನ್ ಇನ್ನೂ ಹುಟ್ಟಿಲ್ಲ. ಶೀಲ್ ಬಿ ರೈಟ್ ಎಂದರೆ ಎಲ್ಲ ಸರಿಹೋಗುತ್ತದೆ ಎಂದರ್ಥವಂತೆ. ಏನೂ ಸರಿ ಇಲ್ಲದಾಗ ಹೇಳುವ ಮಾತಂತೆ. ನಮ್ಮ “ಆಗುತ್ತೆ ಬಿಡಿ” ಏನು ಪಾಪ ಮಾಡಿತ್ತು? ಚಕ್ ಎ ಸಿಕ್ಕಿ ಎಂದರೆ ಗುಂಡುಕಲ್ಲಿನ ಹಾಗಿದ್ದುಕೊಂಡು ಹುಷಾರಿಲ್ಲ ಎಂದು ರಜೆ ಹಾಕುವುದಂತೆ. ಇದಕ್ಕೆ ನಮಗೆ ಕ್ಲಾಸು ಬೇಕೆ? ಒಬ್ಬಳೇ ಅಜ್ಜಿಯನ್ನು ಹೈಸ್ಕೂಲಿನಲ್ಲಿ ನಾಲ್ಕು ಸಲ, ಕಾಲೇಜಿನಲ್ಲಿ ಆರು ಸಲ ಸಾಯಿಸಿದ ಜನ ನಾವು.

ಪದ ಕತ್ತರಿಸುವ ಚಾಳಿಗೆ ಬೈದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಆಮೇಲೆ ಯೋಚಿಸಿದೆ. ನಾರಾಯಣನನ್ನು ನಾಣಿ ಮಾಡಿದವರು ಯಾರು? ಕೃಷ್ಣಮೂರ್ತಿಯನ್ನು ಕಿಟ್ಟಿ, ಶ್ರೀನಿವಾಸನನ್ನು ಸೀನ, ಸುಬ್ರಹ್ಮಣ್ಯನನ್ನು ಸುಬ್ಬು ಮಾಡಿದವರು? ಸಾಕ್ಷಾತ್ ದೇವರ ಹೆಸರುಗಳನ್ನೇ ತುಂಡು ಮಾಡಿ ಬಾಲ ಅಂಟಿಸಿದವರು ನಾವು. ಅವರು ಪೆಟ್ರೋಲ್ ಬಂಕಿಗೆ ಮಾಡಿದರೆ ತಪ್ಪೇ?

ವ್ಯತ್ಯಾಸ ಒಂದಿದೆ. ನಾಣಿ ಎಂದು ಕರೆಯುವ ಹಕ್ಕು ಅವನ ಜೊತೆ ಗೋಲಿ ಆಡಿದವರಿಗೆ ಮಾತ್ರ. ಊರಿಗೆ ಹೊಸದಾಗಿ ಬಂದ ತಹಶೀಲ್ದಾರ್ ಮೊದಲ ದಿನವೇ ನಮ್ಮ ತಾತನ ಹೆಗಲ ಮೇಲೆ ಕೈ ಹಾಕಿ “ಏನೋ ನಾಣಿ” ಎಂದಿದ್ದರೆ? ತಾತ ಕೋಲು ಹುಡುಕುತ್ತಿದ್ದರು. ಆಡುಮಾತಿನ ಅರ್ಥವನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಅದನ್ನು ಆಡುವ ಸಲುಗೆಯನ್ನು ಸತೀಶ್ ಸರ್ ಎಲ್ಲಿಂದ ತಂದುಕೊಡುತ್ತಾರೆ?

ಇದನ್ನೆಲ್ಲ ವಿದ್ಯಾಗೆ ಹೇಳಿದೆ. “ಇಂಟರ್‌ವ್ಯೂನಲ್ಲಿ ಸುಮ್ನೆ ನೀನು ನೀನಾಗಿರೇ” ಎಂದೆ.

“ನಾನು ನಾನಾಗಿದ್ದಕ್ಕೇ ಅಲ್ವಾ ಅಕ್ಕ ಆರು ವರ್ಷದಿಂದ ಹಿಂಗಿರೋದು?” ಎಂದಳು.

ನಾನು ಎದ್ದು ಹೋಗಿ ಅವಳಿಗೆ ಇಷ್ಟವೆಂದು ಉಪ್ಪಿಟ್ಟಿಗೆ ಗೋಡಂಬಿ ಹುರಿದೆ.

ಸೋಮವಾರ ಬೆಳಿಗ್ಗೆ ಅದಿತಿಯ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಗೋಡೆಯ ಮೇಲಿದ್ದ ಯೂನಿಕಾರ್ನ್ ಚಿತ್ರಗಳನ್ನು ಮೊದಲೇ ತೆಗೆದಿದ್ದೆ. ನನ್ನ ಗಂಡ ರಾಜೀವ ಮಗಳನ್ನು ಕೆಳಗೆ ಸುಮ್ಮನಿರಿಸುವ ಡ್ಯೂಟಿಯಲ್ಲಿದ್ದ. ನಾನು ಕಾಫಿ ಲೋಟ ಹಿಡಿದುಕೊಂಡು ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಕದ್ದು ಕೇಳುವುದು ತಪ್ಪು ಎಂದು ನೀವು ಹೇಳಬಹುದು. ಅಕ್ಕಂದಿರಿಗೆ ಆ ಕಾನೂನು ಅನ್ವಯಿಸುವುದಿಲ್ಲ.

ಆ ಕಡೆ ಮೂವರಿದ್ದರು. ಆಮೇಲೆ ತಿಳಿದದ್ದು, ಒಬ್ಬರು ಶ್ರೀಲಂಕಾದಿಂದ ಹೋಗಿ ನೆಲೆಸಿದ ಹಿರಿಯ ಹೆಂಗಸು. ಇನ್ನೊಬ್ಬರು ಮಲೇಷ್ಯಾದವರು. ಮೂರನೆಯವರು ಮೊದಮೊದಲು ಮಾತೇ ಆಡಲಿಲ್ಲ. ಹ್ಯಾಟು ಯಾರೂ ಹಾಕಿರಲಿಲ್ಲ.

“ಗುಡೇ ಮೇಟ್ಸ್! ಹೌ ಯಾ ಗೋಯಿಂಗ್?” ಎಂದು ಶುರುಮಾಡಿದಳು ನಮ್ಮ ಡಾಕ್ಟರಮ್ಮ.

ಆ ಕಡೆ ಮೌನ.

“ಸಾರಿ ಡಾಕ್ಟರ್, ನಿಮ್ಮ ಲೈನು ಸರಿಯಿಲ್ಲವೇನೋ,” ಎಂದರು ಆ ಹಿರಿಯ ಹೆಂಗಸು, ತುಂಬಾ ಮರ್ಯಾದೆಯಿಂದ. ಲೈನು ಚೆನ್ನಾಗಿಯೇ ಇತ್ತು. ನಮ್ಮ ಮನೆಯ ಇಂಟರ್ನೆಟ್ಟಿಗೆ ನಾನು ಗ್ಯಾರಂಟಿ.

“ನೋ ವರೀಸ್,” ಎಂದಳು ಇವಳು.

ಮುಂದಿನ ಹತ್ತು ನಿಮಿಷ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಕೆಲಸದ ಒತ್ತಡದ ಬಗ್ಗೆ ಕೇಳಿದರು. ಹಾರ್ಡ್ ಯಾಕ್ಕಾಗೆ ಹೆದರುವವಳಲ್ಲ ಎಂದಳು. ತಂಡದ ಜೊತೆ ಹೊಂದಾಣಿಕೆ ಹೇಗೆ ಎಂದರು. ಸ್ಮೋಕೋ ಹೊತ್ತಿನಲ್ಲಿ ಎಲ್ಲರ ಜೊತೆ ಬೆರೆಯುತ್ತೇನೆ ಎಂದಳು. ಸಿಗರೇಟಿನ ವಾಸನೆಗೇ ವಾಂತಿ ಮಾಡಿಕೊಳ್ಳುವ ಹುಡುಗಿ! ಪ್ರತಿ ಉತ್ತರದ ನಂತರವೂ ಅದೇ ಮೌನ, ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತ ಹೋಯಿತು. ನನಗೆ ಕಣ್ಣ ಮುಂದೆ ಬಂದದ್ದು ಇಂಚರಾ, ಟಿವಿ ಕಡೆ ತಿರುಗಿದ ಅದರ ಬೆನ್ನು. ಬಾಗಿಲು ತಳ್ಳಿ ಒಳಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿಬಿಡಲೇ ಎನ್ನಿಸಿತು.

ಆಗ ಮೂರನೆಯವರು ಬಾಯಿ ಬಿಟ್ಟರು.

“ಲೆಟರ್‌ಕೆನ್ನಿಯಲ್ಲಿ ಇವತ್ತು ಮಳೆಯಾ, ಡಾಕ್ಟರ್?”

ಆ ದನಿ ಕೇಳಿದ್ದೇ ನಾನು ನೆಟ್ಟಗೆ ಕೂತೆ. ಅದು ಆಸ್ಟ್ರೇಲಿಯಾದ ದನಿಯಲ್ಲ. ಅಪ್ಪಟ ಡೊನೆಗಾಲ್. ಲೆಟರ್‌ಕೆನ್ನಿಯಿಂದ ಅರ್ಧ ಗಂಟೆ ದೂರದ ಕುರಿ ಸಾಕುವವರ ಮನೆಯ ಮಗನಂತೆ. ಅಲ್ಲಿಗೆ ಹೋಗಿ ಬಹಳ ವರ್ಷವಾಯಿತಂತೆ.

ಸಂಗೀತ ಕುರ್ಚಿ ಎಂದೆನಲ್ಲ. ಇವಳು ಕೂತ ಕುರ್ಚಿಯಿಂದ ಎಂದೋ ಎದ್ದು ಹೋದಂಥವರೇ ಆ ಕಡೆ ಕೂತಿದ್ದರು. ಇದು ಸತೀಶ್ ಸರ್‌ಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಎಲ್ಲರೂ ಹ್ಯಾಟು ಹಾಕಿದ ಯಾವನಿಗೋ ತಯಾರಾಗಿದ್ದೆವು.

ವಿದ್ಯಾ “ಶನಿವಾರ ಹೊರಟಾಗ ಒಂದು ವೀ ಬಿಟ್ ಡ್ಯಾಂಪ್ ಇತ್ತು” ಎಂದಳು. (ಡೊನೆಗಾಲ್‌ನಲ್ಲಿ ವೀ ಎಂದರೆ ಒಂಚೂರು. ಹೊರಗೆ ಜಲಪ್ರಳಯವಾಗುತ್ತಿದ್ದರೂ ಅಲ್ಲಿನವರು ಒಂಚೂರು ತೇವ ಎಂದೇ ಹೇಳುವುದು.)

ಆ ಮನುಷ್ಯ ಜೋರಾಗಿ ನಕ್ಕ. ಮೊದಲ ಸಲ ಆ ಕಡೆಯಿಂದ ನಗು ಕೇಳಿಸಿದ್ದು.

“ಯಾವ ಕ್ಲಾಸಿನಲ್ಲೂ ಹೇಳಿಕೊಡದ, ನೀವು ಅಲ್ಲಿ ಕಲಿತ ಒಂದು ವಿಷಯ ಹೇಳಿ,” ಎಂದರು.

ವಿದ್ಯಾ ಹೇಳಿದಳು. ಇಂಗ್ಲಿಷಿನಲ್ಲೇ ಹೇಳಿದಳು, ಆದರೆ ದನಿ ಅವಳದ್ದು, ನಮ್ಮ ಮನೆಯ ಜಗಲಿಯಲ್ಲಿ ಕೂತು ಕತೆ ಹೇಳುವವಳದ್ದು.

ಅವಳು ಲೆಟರ್‌ಕೆನ್ನಿಗೆ ಹೋದ ಹೊಸತು. ಆಗಲೂ ಹೀಗೇ ಮಾರ್ಚ್ ತಿಂಗಳು. ಬೆಳಿಗ್ಗೆ ಕುರಿ ಸಾಕುವ ಒಬ್ಬ ಮುದುಕ ತಾನೇ ಜೀಪು ಓಡಿಸಿಕೊಂಡು ಎಮರ್ಜೆನ್ಸಿಗೆ ಬಂದ. ಏನಾಯಿತು ಎಂದರೆ, “ಐ ಆಮ್ ಗ್ರ್ಯಾಂಡ್, ಚೆನ್ನಾಗೇ ಇದ್ದೀನಿ ಡಾಕ್ಟರ್, ಒಂಚೂರು ಅಜೀರ್ಣ ಅಷ್ಟೇ” ಎಂದ. ಬೆವರಿಲ್ಲ, ನರಳಾಟವಿಲ್ಲ. ಇಸಿಜಿ ತೆಗೆದರೆ ಏನೂ ಇಲ್ಲ. ಬೇರೆ ರೋಗಿಗಳು ಕಾಯುತ್ತಿದ್ದರು. ಒಂದು ಮಾತ್ರೆ ಬರೆದು ಮನೆಗೆ ಕಳಿಸಬಹುದಿತ್ತು.

ಇವಳು ಸುಮ್ಮನೆ ಮಾತಿಗೆ, ಮನೆಯಲ್ಲಿ ಕುರಿಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದಳು. ಪಕ್ಕದ ಮನೆಯವನಿಗೆ ಹೇಳಿ ಬಂದೆ ಎಂದ ಮುದುಕ. ಅವು ಮರಿ ಹಾಕುತ್ತಿವೆಯಾ ಎಂದಳು. ಹೌದು, ರಾತ್ರಿಯಿಂದ ಶುರುವಾಗಿದೆ ಎಂದ.

ಅಷ್ಟೇ. ಇವಳು ಅವನನ್ನು ಮನೆಗೆ ಕಳಿಸಲಿಲ್ಲ.

“ಕುರಿ ಮರಿ ಹಾಕೋ ಹೊತ್ತಿನಲ್ಲಿ ಅವುಗಳನ್ನು ಇನ್ನೊಬ್ಬರ ಕೈಗೆ ಬಿಟ್ಟು, ಅಜೀರ್ಣಕ್ಕೆ ಅಂತ ಆಸ್ಪತ್ರೆಗೆ ಬರೋ ಕುರಿಗಾರ ಇಲ್ಲ,” ಎಂದಳು ಅವರಿಗೆ. “ನಾನು ಓದಿದ ಹಾಸನದಲ್ಲೂ ಹಾಗೇ. ಕುಯ್ಲಿನ ದಿನ ಯಾರೂ ಆಸ್ಪತ್ರೆಗೆ ಬರಲ್ಲ. ಯಾರಾದರೂ ಬಂದರೆ, ಅವರು ಏನೇ ಹೇಳಲಿ, ಕೂತ ಡಾಕ್ಟರ್ ಎದ್ದು ನಿಲ್ಲಬೇಕು ಅಂತ ಅಲ್ಲಿನ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು.”

ಸ್ವಲ್ಪ ಹೊತ್ತಿಗೆ ಮತ್ತೆ ಇಸಿಜಿ ತೆಗೆದಾಗ ಹಾರ್ಟ್ ಅಟ್ಯಾಕ್ ಎಂದು ಗೊತ್ತಾಯಿತು. ಮುದುಕ ಆಸ್ಪತ್ರೆಯಲ್ಲೇ ಇದ್ದುದರಿಂದ ಬದುಕಿದ. ಮುಂದಿನ ವರ್ಷ, ಹುಟ್ಟಾ ಸಸ್ಯಾಹಾರಿಯಾದ ಇವಳಿಗೆ ಪ್ರೀತಿಯಿಂದ ಒಂದು ಕುರಿತೊಡೆ ತಂದುಕೊಟ್ಟನಂತೆ. ಎರಡೂ ಕೈಯಲ್ಲಿ ಈಸಿಕೊಂಡು, ಥ್ಯಾಂಕ್ಸ್ ಹೇಳಿ, ಅವನು ಹೋದ ಮೇಲೆ ನರ್ಸ್‌ಗೆ ಕೊಟ್ಟಳಂತೆ.

“ನಮ್ಮಪ್ಪ ಕುರಿಗಳನ್ನು ಬಿಟ್ಟು ಬರಲಿಲ್ಲ,” ಎಂದರು ಡೊನೆಗಾಲ್‌ನವರು. “ಮರಿಗಳೆಲ್ಲ ಹುಟ್ಟಲಿ, ಆಮೇಲೆ ಹೋದರಾಯಿತು ಎಂದುಕೊಂಡರು.”

ಅಷ್ಟು ಹೇಳಿ ಮುಂದಿನ ಪ್ರಶ್ನೆಗೆ ಹೋದರು.

ನನಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ತಿಳಿದ ಹೆಂಗಸನ್ನು ಎರಡು ದಿನ ಮಕ್ಕಳ ಕುರ್ಚಿಯಲ್ಲಿ ಕೂರಿಸಿ ಬ್ರೆಕ್ಕಿ, ಡನ್ನಿ ಎಂದು ಗಿಣಿಪಾಠ ಒಪ್ಪಿಸಿಕೊಂಡರಲ್ಲ! ತನ್ನಲ್ಲಿ ಇರುವುದು ಏನೂ ಸಾಲದು ಎಂದು ನಮ್ಮ ಮಕ್ಕಳ ತಲೆಗೆ ತುಂಬುವವರು ಯಾರು? ಸತೀಶ್ ಸರ್ ಒಬ್ಬರೇ ಅಲ್ಲ. ನಮ್ಮ ಮನೆಗಳಲ್ಲಿ ಅದು ಎಲ್‌ಕೆಜಿಯಿಂದಲೇ ಶುರು. ಆಗಲೇ ಹೆದರಿದವರು, ಎಂಡಿ ಮಾಡಿದ ಮೇಲೂ ಯಾವನು ಹ್ಯಾಟು ಹಾಕಿಕೊಂಡು ಬಂದರೂ ಕೈಕಟ್ಟಿ ಕೂರುತ್ತಾರೆ.

ಏಪ್ರಿಲ್ ಕೊನೆಗೆ ಮೇಲ್ ಬಂತು. ಕೆಲಸ ಸಿಕ್ಕಿತು.

ವಿದ್ಯಾ ಫೋನಿನಲ್ಲಿ ಅತ್ತಳು, ನಾನೂ ಅತ್ತೆ. ನನ್ನ ಅಳುವಿನಲ್ಲಿ ಅರ್ಧ ಸ್ವಾರ್ಥ. ಈ ದ್ವೀಪದಲ್ಲಿ ನನ್ನನ್ನು ಅಕ್ಕ ಎನ್ನುವವಳು ಅವಳೊಬ್ಬಳೇ. ಇಂಚರಾ ಏನಂದಳು ಎಂದು ಕೇಳಿದೆ. “ಅಲ್ಲಿ ಎಷ್ಟು ವರ್ಷ ಅಂತ ಕೇಳಿದ್ಲು ಅಕ್ಕ. ನೀನು ಕಾಲೇಜಿಗೆ ಹೋಗೋವರೆಗೂ ಅಂದೆ. ಹಂಗಾದ್ರೆ ನಾಯಿ ಸಾಕಬೋದಾ ಅಂದ್ಲು.”

ಇಲ್ಲಿಗೇ ಕತೆ ಮುಗಿದಿದ್ದರೆ ನಾನು ಈ ವಾರ ಬೇರೆ ಏನನ್ನೋ ಬರೆಯುತ್ತಿದ್ದೆ.

ಮಾರನೆಯ ದಿನ ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪೋಸ್ಟರ್ ಬಂತು. ಊರಲ್ಲಿ ಟ್ಯೂಷನ್ ಸೆಂಟರಿನವರು ರ‍್ಯಾಂಕ್ ಬಂದ ಮಕ್ಕಳ ಫೋಟೋ ಹಾಕಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರಲ್ಲ, ಥೇಟ್ ಅದೇ. ಎಡಗಡೆ ಕಾಂಗರೂ. ಬಲಗಡೆ ಹ್ಯಾಟಿನ ಸತೀಶ್ ಸರ್. ನಡುವೆ ನಮ್ಮ ವಿದ್ಯಾಳ ಪಾಸ್‌ಪೋರ್ಟ್ ಸೈಜಿನ ಫೋಟೋ, ಸುತ್ತ ಬಂಗಾರದ ಬಣ್ಣದ ಹೂವಿನ ಬಳ್ಳಿ. ಕೆಳಗೆ, “ಅಭಿನಂದನೆಗಳು ಮೇಟ್! ನಮ್ಮ ಹೆಮ್ಮೆಯ ವಿದ್ಯಾರ್ಥಿನಿ.” ಅದರ ಕೆಳಗೆ ಸಾಲುಗಟ್ಟಿ ಕೈ ಮುಗಿದ ಚಿತ್ರಗಳು, ಸೂಪರ್ ಸರ್, ಗ್ರೇಟ್ ಸರ್.

ನಾನು ವಿದ್ಯಾಗೆ ಫೋನ್ ಮಾಡಿ ಕಿರುಚಿದೆ. “ಹೋಗ್ಲಿ ಬಿಡಕ್ಕ, ಪಾಪ,” ಎಂದಳು. ಇಂಥವರು ಇರುವುದರಿಂದಲೇ ಅಂಥವರ ಹ್ಯಾಟು ತಲೆಯ ಮೇಲೆ ನಿಂತಿರುವುದು.

ಇನ್ನೂ ಇದೆ. ಜುಲೈನಲ್ಲಿ ವಿದ್ಯಾ ಬಿಡುವ ಜಾಗಕ್ಕೆ ಕಲಬುರಗಿಯ ಹುಡುಗನೊಬ್ಬ ಬರುತ್ತಿದ್ದಾನೆ. ಮೊದಲ ಸಲ ದೇಶ ಬಿಡುತ್ತಿರುವ ಡಾಕ್ಟರು. ಅವನನ್ನು ಯಾರೋ ಗ್ರೂಪಿಗೆ ಸೇರಿಸಿದರು. ಹೋದ ವಾರ ಅವನು ಬಹಳ ವಿನಯದಿಂದ ಕೇಳಿದ: “ನಮಸ್ಕಾರ್ರೀ ಎಲ್ಲಾರಿಗೂ. ಡೊನೆಗಾಲ್ ಮಂದಿ ಇಂಗ್ಲಿಷ್ ತಿಳ್ಯಾಂಗಿಲ್ಲ ಅಂತಾರ. ಯಾರಾದ್ರೂ ಕ್ಲಾಸ್ ತಗೋತಾರೇನ್ರಿ?”

ವಿದ್ಯಾ ಡ್ಯೂಟಿಯಲ್ಲಿದ್ದಳು. ಅವಳು ನೋಡುವ ಮುಂಚೆಯೇ ಉತ್ತರ ಬಂದಿತ್ತು.

“ಇದೆ. ಮುಂದಿನ ಶನಿವಾರದಿಂದ ಆನ್‌ಲೈನ್ ಬ್ಯಾಚ್. ಬೇಸಿಕ್ ಮಾಡ್ಯೂಲ್ ಮೊದಲು. ಸತೀಶ್ ಸರ್.”

ಜತೆಗೆ ಒಂದು ಫೋಟೋ. ಈ ಸಲ ಹ್ಯಾಟು ಬದಲಾಗಿದೆ, ಇಲ್ಲಿನ ಕುರಿಗಾರರು ಹಾಕುವ ಉಣ್ಣೆಯ ಚಪ್ಪಟೆ ಟೊಪ್ಪಿ. ಹಿನ್ನೆಲೆಯಲ್ಲಿ ಕುರಿಗಳು.

ಕುರಿಗಳನ್ನೇನೋ ಹಾಕಿದ್ದೀರಿ ಸರ್, ಅವುಗಳನ್ನು ಬಿಟ್ಟು ಬಂದ ಆ ಮುದುಕ ಯಾವ ಮಾಡ್ಯೂಲ್‌ನಲ್ಲಿ ಬರುತ್ತಾನೆ?